ಹತ್ತು ಡಾಲರ್ ನೋಟಿನ ಎರಡು ಮುಖಗಳು

ಎರಡು ವರ್ಷಗಳ ಹಿಂದಿನ ಮಾತು. ಒಂಬತ್ತನೇ ತರಗತಿಯಲ್ಲಿ ಉರ್ದು ಪಾಠ ಮುಗಿಸಿ ಹಾಜರಿ ಪುಸ್ತಕ ಎತ್ತಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಗುಸುಗುಸು, ನಗು. ಹೋಗಿ ನೋಡಿದರೆ ಮೂರು ಮಂದಿ ಹುಡುಗರು ಒಂದು ನೋಟನ್ನು ಎರಡೂ ಕಡೆಯಿಂದ ಹಿಡಿದು ಎಳೆಯುತ್ತಿದ್ದರು. ನನ್ನನ್ನು ಕಂಡು ಕೈಬಿಟ್ಟರು. ನೋಟು ಸೌದಿ ಅರೇಬಿಯಾದ ಐದು ರಿಯಾಲ್‌ನದು. "ಸರ್, ಅಬ್ಬಾ ದಮ್ಮಾಮ್‌ನಿಂದ ತಂದದ್ದು. ಪ್ಲಾಸ್ಟಿಕ್ ನೋಟು. ಹರಿಯುವುದೇ ಇಲ್ಲ ಸರ್!" ಎಂದ ನೋಟಿನ ಒಡೆಯ. ಬೈಯಬೇಕೆಂದು ಹೋದವನು ನಾನೂ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾ ನಿಂತುಬಿಟ್ಟೆ. ಹುಡುಗ ಮತ್ತೆ ಕೇಳಿದ: "ಸರ್, ಇಂಥ ನೋಟನ್ನು ಮೊದಲು ಮಾಡಿದವರು ಯಾರು? ಯಾಕೆ ಮಾಡಿದರು?"

ನನಗೆ ನೋಟು ಸಂಗ್ರಹದ ಹವ್ಯಾಸ ಬಿ.ಎಡ್. ಓದುತ್ತಿದ್ದ ದಿನಗಳಿಂದಲೂ ಇದೆ. ಆದರೂ ಆ ದಿನ ಅವನಿಗೆ ಒಂದೇ ವಾಕ್ಯದ ಉತ್ತರ ಕೊಟ್ಟೆ: "ಆಸ್ಟ್ರೇಲಿಯಾದವರು, ಖೋಟಾ ನೋಟು ತಡೆಯಲು." ಉತ್ತರ ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಮನೆಗೆ ಬಂದು ನನ್ನ ಆಲ್ಬಮ್ಮಿನಲ್ಲಿದ್ದ 1988ರ ಹತ್ತು ಡಾಲರ್ ನೋಟನ್ನು ತೆಗೆದು ಮುಂದಿಟ್ಟುಕೊಂಡೆ. ಜಗತ್ತಿನಲ್ಲಿ ಚಲಾವಣೆಗೆ ಬಂದ ಮೊದಲ ಪಾಲಿಮರ್ ನೋಟು ಅದು. ಅದು ಒಂದು ಸ್ಮರಣಾರ್ಥ ನೋಟೂ ಹೌದು. ಆ ಹುಡುಗನಿಗೆ ಕೊಡಬೇಕಾಗಿದ್ದ ಪೂರ್ಣ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಪ್ರಯತ್ನಿಸಿದ್ದೇನೆ.

ಸ್ಮರಣಾರ್ಥ ನೋಟು ಎಂದರೇನು?

ಒಂದು ಮಹತ್ವದ ಘಟನೆ ಅಥವಾ ವ್ಯಕ್ತಿಯ ನೆನಪಿಗಾಗಿ ಸರಕಾರ ಇಲ್ಲವೇ ಕೇಂದ್ರ ಬ್ಯಾಂಕು ಹೊರಡಿಸುವ ನೋಟು, ನಾಣ್ಯಗಳನ್ನು ಸ್ಮರಣಾರ್ಥ ನೋಟು, ಸ್ಮರಣಾರ್ಥ ನಾಣ್ಯ ಎನ್ನುತ್ತೇವೆ. ಇವುಗಳಲ್ಲಿ ಎರಡು ಬಗೆ. ಕೆಲವು ಮಾಮೂಲಿ ಹಣದಂತೆ ಅಂಗಡಿ, ಸಂತೆಗಳಲ್ಲಿ ಓಡಾಡುತ್ತವೆ. ಕೆಲವನ್ನು ಸಂಗ್ರಾಹಕರಿಗೆಂದೇ ಅಚ್ಚುಹಾಕಿ, ಚಂದದ ಫೋಲ್ಡರಿನಲ್ಲಿಟ್ಟು ಮಾರುತ್ತಾರೆ.

ನಮ್ಮ ದೇಶದ ಉದಾಹರಣೆಯನ್ನೇ ನೋಡೋಣ. ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯಗಳು 1964ರಲ್ಲಿ ಜವಾಹರಲಾಲ್ ನೆಹರೂ ಅವರ ನಿಧನಾನಂತರ ಬಂದವು. ಗಾಂಧೀಜಿಯವರ ಜನ್ಮಶತಾಬ್ದಿಯ ನಿಮಿತ್ತ 1969ರಲ್ಲಿ 1, 2, 5, 10 ಮತ್ತು 100 ರೂಪಾಯಿಗಳ ನೋಟುಗಳು ಹೊರಬಂದವು. ಸೇವಾಗ್ರಾಮ ಆಶ್ರಮದ ಹಿನ್ನೆಲೆಯಲ್ಲಿ ಗಾಂಧೀಜಿ ಕುಳಿತಿರುವ ಚಿತ್ರ ರಿಸರ್ವ್ ಬ್ಯಾಂಕಿನ ಆ ನೋಟುಗಳ ಮೇಲಿದೆ. ಗಾಂಧೀಜಿ ನಮ್ಮ ನೋಟಿನ ಮೇಲೆ ಕಾಣಿಸಿಕೊಂಡದ್ದು ಅದೇ ಮೊದಲು. ಈ ನೋಟುಗಳಲ್ಲಿ ಬಿ.ಎನ್. ಅದಾರ್ಕರ್ ಅವರ ಸಹಿ ಇರುವುದು ಸಿಕ್ಕರೆ ಸಂಗ್ರಾಹಕರು ಬಿಡುವುದಿಲ್ಲ. ಏಕೆಂದರೆ ಅವರು 1970ರಲ್ಲಿ ಮೇ 4ರಿಂದ ಜೂನ್ 15ರವರೆಗೆ, ಅಂದರೆ ಒಂದೂವರೆ ತಿಂಗಳಿಗೂ ಕಡಿಮೆ ಕಾಲ, ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ನೋಟಿನ ಮೂಲೆಯ ಒಂದು ಸಹಿಯೂ ಹೀಗೆ ಇತಿಹಾಸ ಹೇಳುತ್ತದೆ.

ಸ್ಮರಣಾರ್ಥ ನೋಟು ಕೈಗೆ ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಇದು ಯಾವುದರ ನೆನಪು? ಆಸ್ಟ್ರೇಲಿಯಾದ ಹತ್ತು ಡಾಲರ್ ನೋಟು ನನಗೆ ಇನ್ನೊಂದು ಪ್ರಶ್ನೆಯನ್ನು ಕಲಿಸಿತು: ಇದು ಯಾರ ನೆನಪು? ಅವರನ್ನು ಕೇಳಿದರೇ?

1966: ಒಂದೇ ವರ್ಷ, ಎರಡು ಕಥೆ

ಆಸ್ಟ್ರೇಲಿಯಾ 1966ರ ಫೆಬ್ರವರಿ 14ರಂದು ಹಳೆಯ ಪೌಂಡ್, ಶಿಲಿಂಗ್, ಪೆನ್ಸ್ ಲೆಕ್ಕವನ್ನು ಬಿಟ್ಟು ಡಾಲರ್, ಸೆಂಟ್ ಎಂಬ ದಶಮಾಂಶ ಪದ್ಧತಿಗೆ ಬದಲಾಯಿತು. ನಮ್ಮಲ್ಲಿ 1957ರಲ್ಲಿ ಆಣೆ ಲೆಕ್ಕ ಹೋಗಿ ನಯಾಪೈಸೆ ಬಂದಂತೆಯೇ ಇದು. 1, 2, 10 ಮತ್ತು 20 ಡಾಲರ್‌ಗಳ ಹೊಸ ನೋಟುಗಳು ಬಂದವು. ಅವುಗಳಲ್ಲಿ ಆ ಕಾಲದ ಉತ್ತಮ ರಕ್ಷಣಾ ಗುರುತುಗಳಿದ್ದವು. ಕಾಗದದೊಳಗೆ ನೀರಚ್ಚು, ಲೋಹದ ಎಳೆ, ಉಬ್ಬುಮುದ್ರಣ ಎಲ್ಲವೂ ಇದ್ದವು. ಇನ್ನು ಖೋಟಾ ನೋಟಿನ ಭಯವಿಲ್ಲ ಎಂದೇ ಅಧಿಕಾರಿಗಳು ನಂಬಿದ್ದರು.

ಆ ನಂಬಿಕೆ ಒಂದು ವರ್ಷವೂ ಬಾಳಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹಬ್ಬದ ವ್ಯಾಪಾರದ ಗದ್ದಲದ ನಡುವೆ, ಹತ್ತು ಡಾಲರ್‌ನ ಖೋಟಾ ನೋಟುಗಳು ಪೇಟೆಗೆ ಬಂದವು. ಅವನ್ನು ಮಾಡಿದವರು ಯಾವ ದೊಡ್ಡ ಟಂಕಸಾಲೆಯನ್ನೂ ಇಟ್ಟುಕೊಂಡಿರಲಿಲ್ಲ. ಮಾಮೂಲಿ ಆಫ್‌ಸೆಟ್ ಮುದ್ರಣದ ಸಲಕರಣೆಯಿಂದಲೇ ಕೆಲಸ ಮುಗಿಸಿದ್ದರು. ಬಣ್ಣದ ಫೋಟೋಕಾಪಿ ಯಂತ್ರಗಳೂ ಬರಲಿದ್ದ ಕಾಲ ಅದು. ಒಳ್ಳೆಯ ಚಿತ್ರ, ಒಳ್ಳೆಯ ಕಾಗದ ಇದ್ದರೆ ಸಾಲದು ಎಂಬುದು ಸ್ಪಷ್ಟವಾಯಿತು.

ಆಗ ಅಲ್ಲಿನ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ಎಚ್.ಸಿ. ಕೂಂಬ್ಸ್. ಅವರು ಪೊಲೀಸರನ್ನಷ್ಟೇ ನಂಬಿ ಕೂರಲಿಲ್ಲ. ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸಿ.ಎಸ್.ಐ.ಆರ್.ಒ.ದ ಬಾಗಿಲು ತಟ್ಟಿದರು. 1968ರಲ್ಲಿ ಥ್ರೆಡ್‌ಬೊ ಎಂಬ ಬೆಟ್ಟದ ಊರಿನಲ್ಲಿ ಬ್ಯಾಂಕಿನವರೂ ವಿಜ್ಞಾನಿಗಳೂ ಸೇರಿ ಚರ್ಚಿಸಿದರು. ಅಲ್ಲಿಂದ ಮುಂದೆ ಡೇವಿಡ್ ಸಾಲೊಮನ್ ಎಂಬ ರಸಾಯನಶಾಸ್ತ್ರಜ್ಞ ಮತ್ತು ಅವರ ಸಹೋದ್ಯೋಗಿಗಳು ಈ ಕೆಲಸಕ್ಕೆ ಕೈಹಾಕಿದರು.

ಅವರ ಯೋಚನೆಯ ದಾರಿ ಸರಳವಾಗಿತ್ತು. ಯಂತ್ರವು ಕಣ್ಣಿಗೆ ಕಾಣುವ ಚಿತ್ರವನ್ನು ನಕಲು ಮಾಡಬಲ್ಲದು. ಹಾಗಾದರೆ ನೋಟನ್ನು ಓರೆ ಮಾಡಿದಾಗ ಬದಲಾಗುವ ಚಿತ್ರವನ್ನು ಅದರೊಳಗೆ ಇಡೋಣ. ಅಂಥ ಚಿತ್ರವನ್ನು ಯಾವ ಕ್ಯಾಮರಾ ತಾನೇ ನಕಲು ಮಾಡೀತು? ತೊಡಕು ಬಂದದ್ದು ಕಾಗದದಿಂದ. ಮಡಿಸಿ, ಮುದುಡಿ, ಬೆವರು ತಗುಲಿ ಮೆತ್ತಗಾಗುವ ಕಾಗದದ ಮೇಲೆ ಅಂಥ ಸೂಕ್ಷ್ಮವಾದ ಚಿತ್ರ ನಿಲ್ಲುವುದಿಲ್ಲ. ಹೀಗಾಗಿ ಕಾಗದವನ್ನೇ ಬಿಡಬೇಕಾಯಿತು. ಪ್ಲಾಸ್ಟಿಕ್ ನೋಟು ಹುಟ್ಟಿದ್ದು ಬಾಳಿಕೆಗಾಗಿ ಎಂದು ಬಹಳ ಮಂದಿ ತಿಳಿದಿದ್ದಾರೆ. ವಾಸ್ತವದಲ್ಲಿ ಬದಲಾಗುವ ಆ ಚಿತ್ರಕ್ಕೆ ಗಟ್ಟಿ ನೆಲೆ ಬೇಕೆಂದು ಪ್ಲಾಸ್ಟಿಕ್ ಬಂತು. ಬಾಳಿಕೆ ಅದರ ಜೊತೆಗೆ ಸಿಕ್ಕ ಲಾಭ.

ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದು ತೆಳ್ಳಗಿನ, ಗಟ್ಟಿಯಾದ ಹಾಳೆ ಮಾಡುತ್ತಾರೆ. ಅದು ಗಾಜಿನಂತೆ ಪಾರದರ್ಶಕ. ಅದರ ಎರಡೂ ಬದಿಗೆ ಬಿಳಿ ಶಾಯಿ ಬಳಿದು, ಒಂದು ಕಡೆ ಮಾತ್ರ ಬಳಿಯದೆ ಬಿಡುತ್ತಾರೆ. ಹಾಗೆ ಬಿಟ್ಟ ಜಾಗವೇ ನೋಟಿನ 'ಕಿಟಕಿ'. ಆ ಬಿಳಿ ನೆಲದ ಮೇಲೆ ಉಳಿದ ಚಿತ್ರ, ಅಕ್ಷರಗಳ ಮುದ್ರಣ ನಡೆಯುತ್ತದೆ. ನಮ್ಮ ಹುಡುಗರು ಎಳೆದು ಹರಿಯಲಾರದೆ ಸೋತದ್ದು ಹೀಗೆ ತಯಾರಾದ ಹಾಳೆಯೊಡನೆ! ಆದರೆ ಅಂಚಿನಲ್ಲಿ ಒಂದು ಸಣ್ಣ ಸೀಳು ಬಿದ್ದರೆ ಮಾತ್ರ ಅದು ಸರ್ರನೆ ಹರಿದುಹೋಗುತ್ತದೆ ಎಂಬುದನ್ನು ಅವರಿಗೆ ಬೇಕೆಂದೇ ಹೇಳಲಿಲ್ಲ.

ಇದು ಮೊದಲ ಕಥೆ. ಎರಡನೆಯದು ಅದೇ 1966ರ ಒಂದು ಡಾಲರ್ ನೋಟಿನದು.

ಒಂದು ಡಾಲರ್ ಮತ್ತು ಮಲಂಗಿಯ ಚಿತ್ರ

ಒಂದು ಡಾಲರ್ ನೋಟಿನ ಹಿಂಬದಿಯಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಶೈಲಿಯ ಸುಂದರ ಚಿತ್ರವಿತ್ತು. ಮರದ ತೊಗಟೆಯ ಮೇಲೆ ಬರೆದ ಒಂದು ಚಿತ್ರದ ಆಧಾರದಿಂದ ಅದನ್ನು ರಚಿಸಲಾಗಿತ್ತು. ಅದನ್ನು ಬರೆದವರು ಯಾರೋ ಅಜ್ಞಾತ ಕಲಾವಿದರು, ಬಹುಶಃ ತೀರಿಕೊಂಡಿರಬಹುದು ಎಂಬಂತೆ ವ್ಯವಹರಿಸಲಾಗಿತ್ತು. ಆದರೆ ಕಲಾವಿದರು ಬದುಕಿದ್ದರು. ಅವರ ಹೆಸರು ಡೇವಿಡ್ ಮಲಂಗಿ. ಉತ್ತರದ ಆರ್ನೆಮ್ ಲ್ಯಾಂಡ್ ಪ್ರದೇಶದವರು. ಅವರ ಕುಲದ ಪೂರ್ವಜನಾದ ಒಬ್ಬ ಮಹಾ ಬೇಟೆಗಾರನ ಅಂತ್ಯಸಂಸ್ಕಾರದ ಕಥೆ ಆ ಚಿತ್ರದಲ್ಲಿತ್ತು. ದೇಶದ ಪ್ರತಿಯೊಬ್ಬನ ಜೇಬಿನಲ್ಲಿಯೂ ಅವರ ಚಿತ್ರವಿತ್ತು, ಆದರೆ ಅವರಿಗೆ ಯಾರೂ ಒಂದು ಮಾತು ತಿಳಿಸಿರಲಿಲ್ಲ.

ಈ ವಿಷಯ ಬೆಳಕಿಗೆ ಬರಲು ಕಾರಣರಾದವರು ಅಲ್ಲಿನ ಮಿಲಿಂಗಿಂಬಿ ಎಂಬ ದ್ವೀಪದ ಶಾಲೆಯ ಒಬ್ಬ ಶಿಕ್ಷಕರು ಎಂಬುದು ಶಿಕ್ಷಕನಾದ ನನಗೆ ಹೆಮ್ಮೆಯ ಸಂಗತಿ. ಅವರು ನೋಟಿನ ಚಿತ್ರವನ್ನು ನೋಡಿ ಇದು ಮಲಂಗಿಯದೇ ಎಂದು ಗುರುತಿಸಿ ಪ್ರಶ್ನೆ ಎತ್ತಿದರು. ಗವರ್ನರ್ ಕೂಂಬ್ಸ್ ತಪ್ಪನ್ನು ಒಪ್ಪಿಕೊಂಡರು. ಮಲಂಗಿಗೆ ಸಾವಿರ ಡಾಲರ್, ಮೀನು ಹಿಡಿಯುವ ಸಲಕರಣೆಗಳ ಪೆಟ್ಟಿಗೆ ಮತ್ತು ಒಂದು ಬೆಳ್ಳಿಯ ಪದಕ ದೊರಕುವಂತೆ ಮಾಡಿದರು. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ಕಲಾವಿದರ ಹಕ್ಕುಸ್ವಾಮ್ಯದ ಚರ್ಚೆ ಈ ಪ್ರಕರಣದಿಂದ ಬಲ ಪಡೆಯಿತು.

ಗಮನಿಸಿ: ಖೋಟಾ ನೋಟು ಮಾಡಿದವರು ಬ್ಯಾಂಕಿನ ಚಿತ್ರವನ್ನು ಕೇಳದೆ ನಕಲು ಮಾಡಿದರು. ಅದಕ್ಕೆ ಜೈಲು ಶಿಕ್ಷೆ. ಬ್ಯಾಂಕು ಒಬ್ಬ ಕಲಾವಿದನ ಚಿತ್ರವನ್ನು ಕೇಳದೆ ಬಳಸಿತು. ಅದಕ್ಕೆ ಏನು ಹೆಸರು ಎಂದು ಆಗಿನ್ನೂ ಯಾರಿಗೂ ಹೊಳೆದಿರಲಿಲ್ಲ.

1988: ಎರಡೂ ಕಥೆಗಳು ಸೇರಿದ ನೋಟು

ಥ್ರೆಡ್‌ಬೊ ಸಭೆಯ ನಂತರ ಇಪ್ಪತ್ತು ವರ್ಷಗಳ ಪ್ರಯೋಗ ನಡೆಯಿತು. ಕೊನೆಗೆ ಹೊಸ ನೋಟನ್ನು ಜನರ ಕೈಗೆ ಕೊಡಲು ಒಂದು ಸಂದರ್ಭವೂ ಒದಗಿತು. 1788ರ ಜನವರಿ 26ರಂದು ಬ್ರಿಟಿಷರ ಮೊದಲ ಹಡಗುಪಡೆ ಸಿಡ್ನಿ ಕೊಲ್ಲಿಯಲ್ಲಿ ನೆಲೆಯೂರಿತ್ತು. ಅದಕ್ಕೆ ಇನ್ನೂರು ವರ್ಷ ತುಂಬುವ ಉತ್ಸವಕ್ಕೆಂದು 1988ರ ಜನವರಿಯಲ್ಲಿ ಹತ್ತು ಡಾಲರ್‌ನ ಪಾಲಿಮರ್ ನೋಟು ಬಿಡುಗಡೆಯಾಯಿತು.

ನೋಟಿನ ಮುಂಬದಿಯಲ್ಲಿ 'ಸಪ್ಲೈ' ಎಂಬ ಹಡಗು, ಅದರ ಮುಂದೆ ಆ ನೆಲಕ್ಕೆ ಬಂದು ನೆಲೆಸಿ ದೇಶ ಕಟ್ಟಿದ ಜನರ ಗುಂಪು. ಪಾರದರ್ಶಕ ಕಿಟಕಿಯಲ್ಲಿ ನಾವಿಕ ಜೇಮ್ಸ್ ಕುಕ್‌ನ ಮುಖ. ನೋಟನ್ನು ಓರೆ ಮಾಡಿದರೆ ಅದು ಹೊಳೆದು ಬಣ್ಣ ಬದಲಿಸುತ್ತದೆ. ಅಷ್ಟು ವರ್ಷ ವಿಜ್ಞಾನಿಗಳು ದುಡಿದದ್ದು ಈ ಹೊಳಪಿಗಾಗಿಯೇ. ಹಿಂಬದಿಯಲ್ಲಿ ಮೈಗೆ ಆಚರಣೆಯ ಬಣ್ಣ ಬಳಿದುಕೊಂಡ ಒಬ್ಬ ಮೂಲನಿವಾಸಿ ತರುಣ. ಅವನ ಜೊತೆಗೆ ಮೂಲನಿವಾಸಿ ಕಲೆಯ ಮಾದರಿಗಳು. ಅವುಗಳಲ್ಲಿ ಒಂದು 'ಬೆಳಗಿನ ತಾರೆಯ ಕಂಬ'.

ನಾನು ಈ ನೋಟನ್ನು ಮಕ್ಕಳಿಗೆ ತೋರಿಸುವಾಗ ಮುಂಬದಿ, ಹಿಂಬದಿಗಳನ್ನು ಎರಡು ಮೂರು ಸಲ ತಿರುಗಿಸಿ ತೋರಿಸುತ್ತೇನೆ. ಒಂದು ಕಡೆ ಬಂದವರು, ಇನ್ನೊಂದು ಕಡೆ ಮೊದಲೇ ಇದ್ದವರು. ಒಂದು ಕಡೆಯವರಿಗೆ ಆ ದಿನ ಹಬ್ಬ. ಇನ್ನೊಂದು ಕಡೆಯವರಿಗೆ ನೆಲ ಕಳೆದುಕೊಂಡ ದಿನ. 1988ರ ಆ ಜನವರಿ 26ರಂದೇ ಸಿಡ್ನಿಯ ಬೀದಿಗಳಲ್ಲಿ ಮೂಲನಿವಾಸಿಗಳೂ ಅವರ ಬೆಂಬಲಿಗರೂ ಸೇರಿ 40,000ಕ್ಕೂ ಹೆಚ್ಚು ಜನ ಪ್ರತಿಭಟನೆಯ ಮೆರವಣಿಗೆ ನಡೆಸಿದರು. ನೋಟಿನಲ್ಲಿ ಎರಡೂ ಮುಖಗಳಿವೆ, ಆದರೆ ಅವು ಪರಸ್ಪರ ಬೆನ್ನು ಹಾಕಿವೆ.

ಇನ್ನು 'ಬೆಳಗಿನ ತಾರೆಯ ಕಂಬ'ದ ವಿಷಯ. ಅದನ್ನು ತಯಾರಿಸಿದವರು ಗಲ್ಪು ಕುಲದ ಟೆರಿ ಯಂಬುಲುಲ್ ಎಂಬ ಕಲಾವಿದರು. ಅವರ ಕುಲದಲ್ಲಿ ಆ ಕಂಬ ಕೇವಲ ಅಲಂಕಾರದ ವಸ್ತುವಲ್ಲ. ಗಣ್ಯರು ತೀರಿಕೊಂಡಾಗ ಅವರ ನೆನಪಿಗೆ ನಡೆಸುವ ವಿಧಿಗಳಲ್ಲಿ ಅದನ್ನು ಬಳಸುತ್ತಾರೆ. ಅದನ್ನು ಮಾಡುವ ಅಧಿಕಾರವೂ ಎಲ್ಲರಿಗೂ ಇಲ್ಲ, ದೀಕ್ಷೆ ಪಡೆದವರಿಗೆ ಮಾತ್ರ. ಯಂಬುಲುಲ್ ಮಾಡಿದ ಕಂಬ ಸಿಡ್ನಿಯ ವಸ್ತುಸಂಗ್ರಹಾಲಯದಲ್ಲಿತ್ತು. ಕಲಾವಿದರ ಪರವಾಗಿ ವ್ಯವಹರಿಸುವ ಒಂದು ಸಂಸ್ಥೆಯ ಮೂಲಕ ಅವರಿಂದ ಕಾಗದಕ್ಕೆ ಸಹಿ ಪಡೆದು ಅದರ ಚಿತ್ರವನ್ನು ನೋಟಿಗೆ ಬಳಸಲಾಯಿತು. ಮಲಂಗಿಯ ಕಾಲಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಇದೇ. ಈ ಬಾರಿ ಕಾಗದಪತ್ರ ಸರಿಯಾಗಿತ್ತು.

ಆದರೆ ಕುಲದ ಹಿರಿಯರು ಸಿಟ್ಟಾದರು. ಸತ್ತವರ ನೆನಪಿನ ಕಂಬವನ್ನು ಹಣದ ಮೇಲೆ ಹಾಕಲು ನೀನು ಹೇಗೆ ಒಪ್ಪಿದೆ ಎಂದು ಯಂಬುಲುಲ್ ಅವರನ್ನು ಕೇಳಿದರು. ತಾನು ಸಹಿ ಹಾಕಿದ್ದರ ಅರ್ಥ ತನಗೆ ಸರಿಯಾಗಿ ತಿಳಿದಿರಲಿಲ್ಲ ಎಂದು ಅವರು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ತೀರ್ಪು ಬಂತು. ಯಂಬುಲುಲ್ ಸೋತರು. ಕಾನೂನಿನ ಪ್ರಕಾರ ಸಹಿ ಸಹಿಯೇ. ಆದರೂ ತೀರ್ಪು ನೀಡಿದ ನ್ಯಾಯಮೂರ್ತಿ ಫ್ರೆಂಚ್ ಒಂದು ಮಾತನ್ನು ಸೇರಿಸಿದರು. ಇಡೀ ಸಮುದಾಯಕ್ಕೆ ಸೇರಿದ ಕಲಾಕೃತಿಗಳ ಬಳಕೆಯ ಮೇಲೆ ಆ ಸಮುದಾಯಕ್ಕಿರುವ ಹಕ್ಕನ್ನು ಆಸ್ಟ್ರೇಲಿಯಾದ ಹಕ್ಕುಸ್ವಾಮ್ಯ ಕಾನೂನು ಸಾಕಷ್ಟು ಗುರುತಿಸುವುದಿಲ್ಲ ಎಂಬುದು ಆ ಮಾತಿನ ಸಾರ. ಅದು ಮುಂದಿನ ಕಾನೂನು ಚರ್ಚೆಗಳಲ್ಲಿ ಮತ್ತೆ ಮತ್ತೆ ಪ್ರಸ್ತಾಪವಾಯಿತು.

ವಿಚಿತ್ರ ನೋಡಿ. ಬ್ರಿಟಿಷರ ಆಗಮನದ ನೆನಪಿಗೆ ಮಾಡಿದ ನೋಟಿನೊಳಗೆ, ಮೂಲನಿವಾಸಿಗಳ ಸತ್ತವರ ನೆನಪಿನ ವಸ್ತು ಸೇರಿಕೊಂಡಿತು. ನಕಲು ಮಾಡಲಾಗದ ನೋಟು ಎಂದು ಜಗತ್ತು ಹೊಗಳಿದ ಆ ನೋಟೇ, ನಕಲಿನ ಹಕ್ಕು ಯಾರದು ಎಂಬ ವಾದಕ್ಕೆ ಸಿಲುಕಿತು.

ಈ ವಿಷಯದಲ್ಲಿ ಆಸ್ಟ್ರೇಲಿಯಾ ಅಲ್ಲಿಗೇ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. 1995ರಲ್ಲಿ ಬಂದ ಐವತ್ತು ಡಾಲರ್ ನೋಟಿನ ಮೇಲೆ ಮೂಲನಿವಾಸಿ ಲೇಖಕ ಮತ್ತು ಸಂಶೋಧಕ ಡೇವಿಡ್ ಯುನೈಪೊನ್ ಅವರ ಚಿತ್ರವನ್ನು ಮುದ್ರಿಸಲಾಯಿತು. 2023ರಲ್ಲಿ ಅಲ್ಲಿನ ರಿಸರ್ವ್ ಬ್ಯಾಂಕು, ಮುಂದಿನ ಐದು ಡಾಲರ್ ನೋಟಿನಲ್ಲಿ ರಾಜನ ಚಿತ್ರದ ಬದಲು ಮೂಲನಿವಾಸಿಗಳ ಸಂಸ್ಕೃತಿ ಮತ್ತು ಇತಿಹಾಸವನ್ನು ಗೌರವಿಸುವ ವಿನ್ಯಾಸ ಇರುವುದೆಂದೂ, ಅವರೊಡನೆ ಸಮಾಲೋಚಿಸಿಯೇ ಅದನ್ನು ಸಿದ್ಧಪಡಿಸುವುದೆಂದೂ ಪ್ರಕಟಿಸಿತು. ಕೇಳದೆ ಬಳಸಿದ್ದು 1966ರಲ್ಲಿ. ಸಹಿ ಪಡೆದು ಬಳಸಿದ್ದು 1988ರಲ್ಲಿ. ಕೂತು ಮಾತನಾಡೋಣ ಎಂದದ್ದು 2023ರಲ್ಲಿ.

ನೆನಪಿನ ಹೆಸರಿನಲ್ಲಿ ಪರೀಕ್ಷೆ

ಆಸ್ಟ್ರೇಲಿಯಾದ ಆ ಮೊದಲ ನೋಟಿನಲ್ಲಿ ಶಾಯಿ ಉಜ್ಜಿ ಹೋಗುವ ದೂರು ಬಂದಿತ್ತು. ಅದನ್ನು ಸರಿಪಡಿಸಿಕೊಂಡು 1992ರಿಂದ ಒಂದೊಂದೇ ಮುಖಬೆಲೆಯನ್ನು ಬದಲಿಸಿ, 1996ರ ಹೊತ್ತಿಗೆ ಎಲ್ಲ ನೋಟುಗಳೂ ಪಾಲಿಮರ್ ಆದ ಮೊದಲ ದೇಶವೆನಿಸಿತು. ಇದರಲ್ಲಿ ಸಂಗ್ರಾಹಕರು ಕಲಿಯಬೇಕಾದ ಒಂದು ಸೂತ್ರವಿದೆ. ಹೊಸ ಬಗೆಯ ನೋಟನ್ನು ಜನ ಒಪ್ಪುತ್ತಾರೋ ಇಲ್ಲವೋ ಎಂಬ ಸಂದೇಹವಿದ್ದಾಗ ದೇಶಗಳು ಅದನ್ನು ಮೊದಲು ಸ್ಮರಣಾರ್ಥ ನೋಟಾಗಿ ತರುತ್ತವೆ. ಯಶಸ್ವಿಯಾದರೆ ಮುಂದುವರಿಕೆ, ಇಲ್ಲದಿದ್ದರೆ ಅದು ಹಬ್ಬದ ನೆನಪಾಗಿ ಉಳಿಯುತ್ತದೆ.

ಉದಾಹರಣೆಗಳು ಸಾಲುಸಾಲಾಗಿವೆ. ಸಿಂಗಾಪುರ 1990ರಲ್ಲಿ ಸ್ವಾತಂತ್ರ್ಯದ 25 ವರ್ಷಗಳ ನೆನಪಿಗೆ 50 ಡಾಲರ್‌ನ ಪಾಲಿಮರ್ ನೋಟು ತಂದಿತು. ಪಪುವಾ ನ್ಯೂಗಿನಿ 1991ರಲ್ಲಿ ದಕ್ಷಿಣ ಪೆಸಿಫಿಕ್ ಕ್ರೀಡಾಕೂಟದ ನೆನಪಿಗೆ 2 ಕಿನಾ ನೋಟನ್ನು ಹೊರಡಿಸಿತು. ಕುವೈತ್ 1993ರಲ್ಲಿ ವಿಮೋಚನೆಯ ಎರಡನೇ ವಾರ್ಷಿಕೋತ್ಸವಕ್ಕೆ 1 ದಿನಾರ್ ನೋಟನ್ನು ಸಂಗ್ರಾಹಕರಿಗಾಗಿಯೇ ಮುದ್ರಿಸಿತು. ಶ್ರೀಲಂಕಾ 1998ರಲ್ಲಿ ಸ್ವಾತಂತ್ರ್ಯದ ಸುವರ್ಣ ಮಹೋತ್ಸವಕ್ಕೆ 200 ರೂಪಾಯಿಯ ಪಾಲಿಮರ್ ನೋಟು ತಂದು, ಬಳಿಕ ಕಾಗದದಲ್ಲೇ ಮುಂದುವರಿಯಿತು. ಮಲೇಷ್ಯಾದ 50 ರಿಂಗಿಟ್ ನೋಟು 1998ರ ಕಾಮನ್‌ವೆಲ್ತ್ ಕ್ರೀಡಾಕೂಟದ್ದು. ರುಮೇನಿಯಾ 1999ರ ಆಗಸ್ಟಿನ ಪೂರ್ಣ ಸೂರ್ಯಗ್ರಹಣದ ನೆನಪಿಗೂ ಒಂದು ನೋಟು ಮಾಡಿತು! ಚೀನಾ 2000ದಲ್ಲಿ ಹೊಸ ಸಹಸ್ರಮಾನದ ಸ್ವಾಗತಕ್ಕೆ ಡ್ರ್ಯಾಗನ್ ಚಿತ್ರದ 100 ಯುವಾನ್ ನೋಟು ಹೊರಡಿಸಿತು. ಕತಾರ್ 2022ರ ವಿಶ್ವಕಪ್ ಫುಟ್‌ಬಾಲ್‌ಗೆ 22 ರಿಯಾಲ್‌ನ ಪಾಲಿಮರ್ ನೋಟು ಹೊರಡಿಸಿತು.

ಇಂಡೋನೇಷ್ಯಾದ ನೋಟು ಮಾತ್ರ ನನ್ನನ್ನು ಬಹಳ ಯೋಚಿಸುವಂತೆ ಮಾಡಿದೆ. 1993ರಲ್ಲಿ ಅಲ್ಲಿ 25 ವರ್ಷಗಳ ಅಭಿವೃದ್ಧಿಯ ನೆನಪೆಂದು ಅಧ್ಯಕ್ಷ ಸುಹಾರ್ತೊ ಅವರ ಚಿತ್ರವಿರುವ 50,000 ರುಪಿಯಾದ ಪಾಲಿಮರ್ ನೋಟು ಬಂತು. 1998ರಲ್ಲಿ ವಿದ್ಯಾರ್ಥಿಗಳ ಚಳವಳಿ ಮತ್ತು ಆರ್ಥಿಕ ಕುಸಿತದ ನಡುವೆ ಅವರು ಅಧಿಕಾರ ಬಿಟ್ಟು ಇಳಿದರು. ನೋಟು ಹರಿಯಲಿಲ್ಲ, ಮಾಸಲಿಲ್ಲ. ಅದು ಹೊತ್ತಿದ್ದ ಹೆಮ್ಮೆ ಮಾತ್ರ ಐದೇ ವರ್ಷಕ್ಕೆ ಮಾಸಿತು.

ಎಲ್ಲ ಪ್ರಯೋಗಗಳೂ ಗೆದ್ದಿಲ್ಲ. ಆಸ್ಟ್ರೇಲಿಯಾಕ್ಕಿಂತ ಮೊದಲೇ, 1980ರ ದಶಕದ ಆರಂಭದಲ್ಲಿ ಹೈಟಿ, ಕೋಸ್ಟರಿಕಾ ಮತ್ತು ಐಲ್ ಆಫ್ ಮ್ಯಾನ್‌ಗಳಲ್ಲಿ ಬೇರೊಂದು ಬಗೆಯ ಪ್ಲಾಸ್ಟಿಕ್ ನಾರಿನ ಹಾಳೆಯ ನೋಟುಗಳು ಬಂದಿದ್ದವು. ಅವುಗಳ ಶಾಯಿ ನಿಲ್ಲದೆ ಕಲೆಸಿಹೋಗುತ್ತಿತ್ತು. ಹಾಗಾಗಿ ಅವು ಮುಂದುವರಿಯಲಿಲ್ಲ. ನೆರೆಯ ಬಾಂಗ್ಲಾದೇಶ 2000ದ ಕೊನೆಯಲ್ಲಿ 10 ಟಾಕಾದ ಪಾಲಿಮರ್ ನೋಟು ತಂದು, ಕೆಲವೇ ವರ್ಷಗಳಲ್ಲಿ ಕಾಗದಕ್ಕೆ ಮರಳಿತು.

ಜನರನ್ನು ಮೊದಲೇ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಇನ್ನೊಂದು ಸಾಕ್ಷಿ. 2016ರಲ್ಲಿ ಬಂದ 5 ಪೌಂಡ್‌ನ ಪಾಲಿಮರ್ ನೋಟಿನ ತಯಾರಿಯಲ್ಲಿ ಪ್ರಾಣಿಗಳ ಕೊಬ್ಬಿನಿಂದ ಪಡೆದ ಅಂಶ ಅತ್ಯಲ್ಪ ಪ್ರಮಾಣದಲ್ಲಿದೆ ಎಂಬುದು ಬಿಡುಗಡೆಯ ನಂತರ ತಿಳಿಯಿತು. ಸಸ್ಯಾಹಾರಿಗಳೂ ಹಿಂದೂ ಮಂದಿರಗಳವರೂ ಆಕ್ಷೇಪಿಸಿದರು. ಬ್ಯಾಂಕ್ ಆಫ್ ಇಂಗ್ಲೆಂಡ್ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಕೇಳಿದವರಲ್ಲಿ ಹೆಚ್ಚಿನವರು ಬೇಡವೆಂದರೂ 2017ರಲ್ಲಿ ಹಳೆಯ ತಯಾರಿಕೆಯನ್ನೇ ಮುಂದುವರಿಸಲು ತೀರ್ಮಾನಿಸಿತು.

ಮೈಸೂರಿಗೆ ಬರಬೇಕಾಗಿದ್ದ ನೋಟು

ನಮ್ಮ ದೇಶದ ಪಾಲಿಮರ್ ನೋಟಿನ ಕಥೆಗೆ ಮೈಸೂರಿನ ನಂಟಿದೆ. 10 ರೂಪಾಯಿಯ 100 ಕೋಟಿ ಪ್ಲಾಸ್ಟಿಕ್ ನೋಟುಗಳನ್ನು ಐದು ನಗರಗಳಲ್ಲಿ ಪರೀಕ್ಷೆಗೆ ಬಿಡಲಾಗುವುದು ಎಂದು ಕೇಂದ್ರ ಸರಕಾರ 2014ರ ಫೆಬ್ರವರಿಯಲ್ಲಿ ಸಂಸತ್ತಿಗೆ ತಿಳಿಸಿತು. ಕೊಚ್ಚಿ, ಮೈಸೂರು, ಜೈಪುರ, ಶಿಮ್ಲಾ ಮತ್ತು ಭುವನೇಶ್ವರ ಆ ಐದು ನಗರಗಳು. ಸೆಕೆ, ಚಳಿ, ಮಳೆ, ಮರಳುಗಾಡಿನ ಒಣಹವೆ ಎಲ್ಲದರಲ್ಲಿಯೂ ನೋಟು ಹೇಗೆ ಬಾಳುತ್ತದೆ ಎಂದು ನೋಡುವುದು ಉದ್ದೇಶ. 2017ರಲ್ಲಿಯೂ ಸಂಸತ್ತಿನಲ್ಲಿ ಈ ಮಾತು ಬಂತು. ಆದರೆ ಆ ನೋಟು ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಅಂಗಡಿಗೆ ಬರಲೇ ಇಲ್ಲ.

ಬದಲಿಗೆ ಮೈಸೂರು ಕಾಗದದ ನೋಟಿನ ದೊಡ್ಡ ಕೇಂದ್ರವಾಗಿ ಬೆಳೆಯಿತು. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ನೋಟು ಮುದ್ರಣಾಲಯ 1996ರಿಂದ ಅಲ್ಲಿದೆ. ನೋಟಿನ ಕಾಗದದ ಕಾರ್ಖಾನೆಯೂ ಅಲ್ಲಿಯೇ ಇದೆ. ನೋಟಿನ ಶಾಯಿ ತಯಾರಿಸುವ 'ವರ್ಣಿಕಾ' ಘಟಕ 2022ರಲ್ಲಿ ಉದ್ಘಾಟನೆಯಾಯಿತು. ನಮ್ಮ ನೋಟಿನ ಕಾಗದ ಮರದ ತಿರುಳಿನದಲ್ಲ, ಹತ್ತಿಯದು ಎಂಬುದನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. ಕಾಗದವೋ ಪ್ಲಾಸ್ಟಿಕ್ಕೋ ಎಂದು ತೀರ್ಮಾನಿಸುವ ಅಧಿಕಾರ ಯಾರದು? 1934ರ ರಿಸರ್ವ್ ಬ್ಯಾಂಕ್ ಕಾಯಿದೆಯ 25ನೇ ಕಲಮಿನ ಪ್ರಕಾರ ನೋಟಿನ ವಿನ್ಯಾಸ, ರೂಪ ಮತ್ತು ವಸ್ತು ಈ ಮೂರನ್ನೂ ಬ್ಯಾಂಕಿನ ಕೇಂದ್ರ ಮಂಡಳಿಯ ಶಿಫಾರಸನ್ನು ಪರಿಶೀಲಿಸಿ ಕೇಂದ್ರ ಸರಕಾರ ಒಪ್ಪಬೇಕು.

ಸಂಗ್ರಹಿಸಲು ಬಯಸುವ ವಿದ್ಯಾರ್ಥಿಗಳಿಗೆ

ಈ ಹವ್ಯಾಸಕ್ಕೆ ಹಣಕ್ಕಿಂತ ತಾಳ್ಮೆ ಮುಖ್ಯ. ವಿದೇಶದಲ್ಲಿರುವ ಬಂಧುಗಳಿಗೆ ಹೇಳಿದರೆ ಆ ದೇಶದ ಅತಿ ಕಡಿಮೆ ಬೆಲೆಯ ನೋಟೊಂದನ್ನು ತಂದುಕೊಟ್ಟಾರು. ಅದೇ ಒಳ್ಳೆಯ ಆರಂಭ. ನನ್ನ ಅನುಭವದಿಂದ ಕೆಲವು ಕಿವಿಮಾತುಗಳು:

ಪಾಲಿಮರ್ ನೋಟಿಗೆ ಶಾಖ ಆಗದು. ಮಡಿಕೆ ಬಿದ್ದ ಒಂದು ಶ್ರೀಲಂಕಾ ನೋಟನ್ನು ನೇರ ಮಾಡಲೆಂದು ನಾನು ಇಸ್ತ್ರಿಪೆಟ್ಟಿಗೆ ಇಟ್ಟೆ. ಕ್ಷಣದಲ್ಲಿ ಅದು ಹುರಿದ ಹಪ್ಪಳದಂತೆ ಮುದುಡಿತು. ಆ ಮುದುಡಿದ ನೋಟನ್ನು ಪಾಠವೆಂದು ಇಂದಿಗೂ ಆಲ್ಬಮ್ಮಿನ ಮೊದಲ ಪುಟದಲ್ಲಿ ಇಟ್ಟಿದ್ದೇನೆ. ಯಾವ ನೋಟನ್ನೂ ತೊಳೆಯಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ, ಅಂಟು ಟೇಪು ಹಚ್ಚಬೇಡಿ. ಅಗ್ಗದ ಪಿ.ವಿ.ಸಿ. ಕವರುಗಳು ಕಾಲಕ್ರಮೇಣ ಜಿಗುಟಾಗಿ ನೋಟನ್ನು ಕೆಡಿಸುತ್ತವೆ. ನೋಟಿಗೆಂದೇ ಸಿಗುವ ಪಾಲಿಯೆಸ್ಟರ್ ಕವರು ಬಳಸಿ.

ಹಳೆಯ ನೋಟಿಗೆ ಲಕ್ಷಾಂತರ ರೂಪಾಯಿ ಕೊಡುತ್ತೇವೆ ಎಂಬ ಜಾಹೀರಾತುಗಳನ್ನು ನಂಬಬೇಡಿ. ತನ್ನ ಹೆಸರು ಬಳಸಿ ಇಂಥ ಮೋಸ ನಡೆಯುತ್ತಿದೆ, ತಾನು ಹಳೆಯ ನೋಟು, ನಾಣ್ಯಗಳ ಮಾರಾಟದಲ್ಲಿ ತೊಡಗಿಲ್ಲ ಎಂದು ರಿಸರ್ವ್ ಬ್ಯಾಂಕು 2021ರಲ್ಲಿ ಎಚ್ಚರಿಸಿದೆ. 2016ರಲ್ಲಿ ರದ್ದಾದ 500 ಮತ್ತು 1000 ರೂಪಾಯಿ ನೋಟುಗಳನ್ನು ಇಟ್ಟುಕೊಳ್ಳಲೂ ಮಿತಿಯಿದೆ. 2017ರ ಕಾಯಿದೆಯಂತೆ ಸಾಮಾನ್ಯರು ಒಟ್ಟು 10 ನೋಟುಗಳನ್ನು, ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರದ ಉದ್ದೇಶಕ್ಕಾದರೆ 25 ನೋಟುಗಳನ್ನು ಮೀರುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರತಿ ನೋಟಿನ ಪಕ್ಕದಲ್ಲಿ ಒಂದು ಚೀಟಿ. ದೇಶ, ಮುಖಬೆಲೆ, ವರ್ಷ, ಸಹಿ ಯಾರದು, ಯಾವುದರ ನೆನಪು ಎಂದು ಬರೆಯಿರಿ. ಚೀಟಿಯಿಲ್ಲದ ಆಲ್ಬಂ ಹಣದ ಪೆಟ್ಟಿಗೆ ಮಾತ್ರ. ಚೀಟಿಯಿರುವ ಆಲ್ಬಂ ಇತಿಹಾಸದ ಪುಸ್ತಕ.

ಕೊನೆಯ ಮಾತು

ಮರುದಿನ ನಾನು ತರಗತಿಗೆ ಹೋಗಿ ಆ ಹುಡುಗನನ್ನು ಎಬ್ಬಿಸಿ, "ನಿನ್ನೆ ನಿನಗೆ ಅರ್ಧ ಉತ್ತರ ಕೊಟ್ಟಿದ್ದೆ, ಉಳಿದರ್ಧ ಇಂದು ಕೇಳು" ಎಂದೆ. ಮಲಂಗಿಯ ಕಥೆ, ಕಂಬದ ಕಥೆ ಹೇಳಿ ಮುಗಿಸಿದಾಗ ತರಗತಿ ಸುಮ್ಮನಿತ್ತು. ಆಮೇಲೆ ಎಲ್ಲರಿಗೂ ಜೇಬಿನಲ್ಲಿದ್ದರೆ ಒಂದು ಹತ್ತು ರೂಪಾಯಿ ನೋಟು ತೆಗೆಯಲು ಹೇಳಿದೆ. ಹಿಂಬದಿಯಲ್ಲಿ ಸಾಲಾಗಿ ಬರೆದ 15 ಭಾಷೆಗಳಲ್ಲಿ ಕನ್ನಡ ಎಲ್ಲಿದೆ, ಉರ್ದು ಎಲ್ಲಿದೆ ಹುಡುಕಿ ಎಂದೆ. ಮೇಲಿನಿಂದ ನಾಲ್ಕನೆಯದು ಕನ್ನಡ, ಕೊನೆಯದು ಉರ್ದು. ನಾನು ದಿನವೂ ಕಲಿಸುವ ಎರಡೂ ಭಾಷೆಗಳು ಆ ಚಿಕ್ಕ ಚೌಕದಲ್ಲಿವೆ. ಹುಡುಕಿ ಸಿಕ್ಕಾಗ ಮಕ್ಕಳ ಮುಖದಲ್ಲಿ ಕಂಡ ಸಂತೋಷವನ್ನು ನೋಡಿ ಮಲಂಗಿಯ ಜನರಿಗೆ ಏನು ನೋವಾಗಿದ್ದೀತೆಂದು ನನಗೆ ಇನ್ನಷ್ಟು ಚೆನ್ನಾಗಿ ಅರ್ಥವಾಯಿತು. ನಮ್ಮದು ನೋಟಿನ ಮೇಲಿದೆ ಎನ್ನುವುದು ಹೆಮ್ಮೆ. ನಮ್ಮದನ್ನು ನಮಗೇ ಹೇಳದೆ ಹಾಕಿದರು ಎನ್ನುವುದು ಅವಮಾನ.

ವಿದ್ಯಾರ್ಥಿ ಮಿತ್ರರೇ, ಮುಂದೆ ಯಾವ ಸ್ಮರಣಾರ್ಥ ನೋಟು ನಿಮ್ಮ ಕೈಗೆ ಬಂದರೂ ಬೆಲೆ ಎಷ್ಟೆಂದು ಕೇಳುವ ಮೊದಲು ಅದನ್ನು ಒಮ್ಮೆ ತಿರುಗಿಸಿ ನೋಡಿ. ಮುಂಬದಿಯಲ್ಲಿ ಯಾರಿದ್ದಾರೆ, ಹಿಂಬದಿಯಲ್ಲಿ ಯಾರಿದ್ದಾರೆ, ಅವರನ್ನು ಕೇಳಿ ಹಾಕಿದರೇ ಎಂದು ವಿಚಾರಿಸಿ. ಉತ್ತರ ಸಿಕ್ಕರೆ ಚೀಟಿಯಲ್ಲಿ ಬರೆದಿಡಿ. ಆ ಐದು ರಿಯಾಲ್‌ನ ಹುಡುಗ ಈಗ ಹತ್ತನೇ ತರಗತಿ ದಾಟಿ ಕಾಲೇಜಿಗೆ ಹೋಗುತ್ತಿದ್ದಾನೆ. ಮೊನ್ನೆ ಸಿಕ್ಕಾಗ ಅವನ ಆಲ್ಬಮ್ಮಿನಲ್ಲಿ ಹನ್ನೊಂದು ನೋಟುಗಳಿದ್ದವು, ಹನ್ನೊಂದು ಚೀಟಿಗಳೂ ಇದ್ದವು.